ಬೆಟ್ಟ ಹತ್ತುವ ಹುಡುಗಿಯ ಆಟ: ‘ಸೆಲೆಸ್ಟ್’ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯಲ್ಲಿ ನಾವು ಐದು ಜನ ಒಂದೇ ರೂಮಿನಲ್ಲಿದ್ದೇವೆ. ಒಂದು ಹಳೆಯ ಲ್ಯಾಪ್‌ಟಾಪ್, ಒಂದೇ ಕಂಟ್ರೋಲರ್. ಎರಡು ಬೇಸಿಗೆಯಿಂದ ಈ ಆಟದ ಮೇಲೆ ನಮ್ಮ ಜಗಳ ನಡೆದೇ ಇದೆ. ರೂಮಿಗೆ ಬಂದವರು, ಊರಿನಿಂದ ಫೋನ್ ಮಾಡುವ ತಮ್ಮಂದಿರು, ಕಾಲೇಜಿನ ಜೂನಿಯರ್‌ಗಳು ಎಲ್ಲರೂ ಹೆಚ್ಚುಕಮ್ಮಿ ಅವೇ ಪ್ರಶ್ನೆ ಕೇಳುತ್ತಾರೆ. ಹೇಳಿ ಹೇಳಿ ಸಾಕಾಗಿದೆ. ಅದಕ್ಕೆ ಒಮ್ಮೆಗೇ ಬರೆದುಬಿಟ್ಟಿದ್ದೇನೆ. ರೂಮಿನ ಎಲ್ಲರ ಮಾತನ್ನೂ ಹಾಕಿದ್ದೇನೆ, ತೀರ್ಪು ಮಾತ್ರ ನನ್ನದು. ಕಥೆಯ ಗುಟ್ಟು ಬಿಚ್ಚುವ ಕಡೆ ಮೊದಲೇ ಎಚ್ಚರಿಕೆ ಕೊಟ್ಟಿದ್ದೇನೆ.

ಇದು ಎಂಥ ಆಟ? ಎರಡು ಮಾತಲ್ಲಿ ಹೇಳಿ.

ಮ್ಯಾಡಲಿನ್ ಎಂಬ ಹುಡುಗಿ ಸೆಲೆಸ್ಟ್ ಎಂಬ ಬೆಟ್ಟ ಹತ್ತುತ್ತಾಳೆ. ಬೆಟ್ಟ ಇರುವುದು ಕೆನಡಾದಲ್ಲಿ. ಯಾಕೆ ಹತ್ತಬೇಕು ಅಂತ ಅವಳಿಗೇ ಸರಿಯಾಗಿ ಹೇಳಲು ಬರುವುದಿಲ್ಲ.

ಆಟವನ್ನು ಪಕ್ಕದಿಂದ ನೋಡುತ್ತೇವೆ, ಹಳೆಯ ವಿಡಿಯೋ ಗೇಮ್‌ಗಳ ಹಾಗೆ ಚೌಕ ಚೌಕದ ಚಿತ್ರ. ನಿಮಗೆ ಇರುವುದು ಮೂರೇ ಕೆಲಸ: ಜಿಗಿಯುವುದು, ಗೋಡೆ ಹಿಡಿದು ಹತ್ತುವುದು, ಗಾಳಿಯಲ್ಲಿ ಒಂದು ಸಲ ಡ್ಯಾಶ್ ಹೊಡೆಯುವುದು, ಅಂದರೆ ರಪ್ಪನೆ ಮುನ್ನುಗ್ಗುವುದು. ಡ್ಯಾಶ್ ಎಂಟು ದಿಕ್ಕಿಗೂ ಹೋಗುತ್ತದೆ. ಡ್ಯಾಶ್ ಕೈಯಲ್ಲಿದ್ದರೆ ಅವಳ ಕೂದಲು ಕೆಂಪು, ಖರ್ಚಾದರೆ ನೀಲಿ. ನೆಲ ಮುಟ್ಟಿದ ಕೂಡಲೇ ಮತ್ತೆ ಕೆಂಪು. ಗೋಡೆಯನ್ನು ಜಾಸ್ತಿ ಹೊತ್ತು ಹಿಡಿದರೆ ಕೈಸೋತು ಬೀಳುತ್ತಾಳೆ. ಹೊಸ ಆಯುಧ, ಹೊಸ ಶಕ್ತಿ ಕೊಂಡುಕೊಳ್ಳುವ ಅಂಗಡಿ ಇಲ್ಲ. ಕೊನೆವರೆಗೂ ಹೆಚ್ಚುಕಮ್ಮಿ ಇಷ್ಟೇ ಬಂಡವಾಳ.

ಯಾರು ಮಾಡಿದ್ದು? ದೊಡ್ಡ ಕಂಪನಿಯದಾ?

ಅಲ್ಲ. ಮ್ಯಾಡಿ ಥಾರ್ಸನ್ ಮತ್ತು ನೋಯೆಲ್ ಬೆರಿ ಮೊದಲು ಪಿಕೋ-8 ಎಂಬ, ಹಳೇ ಕಾಲದ ಗೇಮ್ ಯಂತ್ರದ ಹಾಗೆ ನಡೆಯುವ ಪುಟಾಣಿ ಸಾಫ್ಟ್‌ವೇರಿನಲ್ಲಿ ನಾಲ್ಕೇ ದಿನದಲ್ಲಿ ಇದರ ಸಣ್ಣ ರೂಪ ಮಾಡಿದರು. ಆಮೇಲೆ ಸಣ್ಣದೊಂದು ತಂಡ ಕಟ್ಟಿಕೊಂಡು ದೊಡ್ಡದು ಮಾಡಿದರು. ಆ ಚೌಕ ಚೌಕದ ಚಿತ್ರಗಳನ್ನು ಬ್ರೆಜಿಲ್‌ನ ಕಲಾವಿದರು ಬಿಡಿಸಿದರು. ಪೂರ್ತಿ ಆಟ ಬಂದಿದ್ದು 2018ರ ಜನವರಿ 25ರಂದು. ಆ ವರ್ಷದ ದಿ ಗೇಮ್ ಅವಾರ್ಡ್ಸ್‌ನಲ್ಲಿ ಅತ್ಯುತ್ತಮ ಇಂಡಿ (ಸಣ್ಣ ತಂಡ ಸ್ವತಂತ್ರವಾಗಿ ಮಾಡಿದ) ಆಟದ ಪ್ರಶಸ್ತಿ ಇದಕ್ಕೇ ಬಂತು. ವರ್ಷದ ಆಟದ ಪಟ್ಟಿಯಲ್ಲೂ ಕೋಟಿಗಟ್ಟಲೆ ಸುರಿದ ಆಟಗಳ ಪಕ್ಕ ಕೂತಿತ್ತು.

ಆ ನಾಲ್ಕು ದಿನದ ಹಳೆಯ ರೂಪವನ್ನು ದೊಡ್ಡ ಆಟದ ಒಳಗೇ ಒಂದು ಕಡೆ ಬಚ್ಚಿಟ್ಟಿದ್ದಾರೆ. ಎಲ್ಲಿ ಅಂತ ಹೇಳಲ್ಲ.

ಮೊಬೈಲ್‌ನಲ್ಲಿ ಬರುತ್ತಾ?

ಇಲ್ಲ. ಕಂಪ್ಯೂಟರ್, ನಿಂಟೆಂಡೊ ಸ್ವಿಚ್, ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್ ಒನ್. ಇದೇ ಹೆಸರಲ್ಲಿ ಫೋನಿಗೆ ಏನಾದರೂ ಕಂಡರೆ ಹಾಕಿಕೊಳ್ಳಬೇಡಿ.

ನನ್ನ ಲ್ಯಾಪ್‌ಟಾಪ್ ಹಳೇದು, ನಡೆಯುತ್ತಾ?

ನಡೆಯುತ್ತದೆ. 2 ಜಿಬಿ ರ‍್ಯಾಮ್, ಸುಮಾರು 1.2 ಜಿಬಿ ಜಾಗ ಸಾಕು. ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಡ. ನಮ್ಮದು ಅಣ್ಣಂದಿರ ಕೈ ದಾಟಿ ಬಂದ ಲ್ಯಾಪ್‌ಟಾಪ್, ಕೀಲು ಮುರಿದು ಗೋಡೆಗೆ ಒರಗಿಸಿ ಇಟ್ಟಿದ್ದೇವೆ. ಅದರಲ್ಲೂ ನಿಲ್ಲದೆ ಓಡುತ್ತದೆ. ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ಇದ್ದಾಗ ಮಾತ್ರ ಅಡಿಗೆ ಎರಡು ಪುಸ್ತಕ ಇಟ್ಟು ಗಾಳಿ ಆಡಲು ಬಿಡಬೇಕು. ಫ್ಯಾನಿನ ಬಿಸಿಗಾಳಿಯಲ್ಲಿ ಕೂತು ಹಿಮದ ಬೆಟ್ಟ ಹತ್ತುವ ಮಜಾನೇ ಬೇರೆ.

ಇಂಗ್ಲಿಷ್ ಅಷ್ಟಾಗಿ ಬರಲ್ಲ. ಕನ್ನಡ ಇದೆಯಾ?

ಕನ್ನಡ ಇಲ್ಲ. ಹಿಂದಿಯೂ ಇಲ್ಲ. ಆದರೆ ಮಾತು ಸರಳ, ಸಾಲು ಚಿಕ್ಕದು, ನೀವು ಬಟನ್ ಒತ್ತುವವರೆಗೂ ಕಾಯುತ್ತದೆ. ಪಾತ್ರಗಳು ನಿಜವಾದ ಯಾವ ಭಾಷೆಯನ್ನೂ ಆಡುವುದಿಲ್ಲ, ಗುಳುಗುಳು ಅನ್ನುವ ಒಂದು ಸದ್ದು ಬರುತ್ತದೆ ಅಷ್ಟೇ. ಸಿಟ್ಟಾ, ಹೆದರಿಕೆಯಾ, ತಮಾಷೆಯಾ ಅನ್ನುವುದು ಆ ಸದ್ದಲ್ಲೇ ಗೊತ್ತಾಗುತ್ತದೆ. ನಮ್ಮವ್ವ ಒಂದು ಸಲ ರೂಮಿಗೆ ಬಂದಾಗ ಅರ್ಧ ಗಂಟೆ ನೋಡಿ, ಬೆಟ್ಟದ ಬುಡದಲ್ಲಿ ಸಿಗುವ ಅಜ್ಜಿಯ ಬಗ್ಗೆ, “ಈ ಮುದುಕಿ ಭಾಳ ಕಿಲಾಡಿ ಅದಾಳ” ಅಂದಳು. ಒಂದಕ್ಷರ ಓದಿರಲಿಲ್ಲ. ಖರೇ ಹೇಳಿದ್ದಳು.

ತುಂಬಾ ಕಷ್ಟ ಅಂತಾರೆ. ಎಷ್ಟು ಕಷ್ಟ?

ಕಷ್ಟವೇ. ಮೊದಲ ಸಲ ಮುಗಿಸಲು ಎಂಟು-ಹತ್ತು ತಾಸು ಹಿಡಿಯುತ್ತದೆ, ಅಷ್ಟರಲ್ಲಿ ಸಾವಿರ ಸಲ ಸಾಯುವುದು ಸಾಮಾನ್ಯ. ನಾನು 2,187 ಸಲ ಸತ್ತೆ. ನಮ್ಮ ರೂಮಿನ ಸೇಡಂ ಹುಡುಗ 900ರ ಆಸುಪಾಸಿನಲ್ಲಿ ಮುಗಿಸಿದ, ಅವನ ಜೊತೆ ಎರಡು ದಿನ ಮಾತು ಬಿಟ್ಟಿದ್ದೆ.

ಆದರೆ ಈ ಸಾವು ಬೇರೆ ಆಟಗಳ ಸಾವಿನಂತಲ್ಲ. ಆಟ 700ಕ್ಕೂ ಹೆಚ್ಚು ಪುಟ್ಟ ಪರದೆಗಳಾಗಿ ಒಡೆದಿದೆ. ಸತ್ತರೆ ಅದೇ ಪರದೆಯ ಬಾಗಿಲಲ್ಲಿ ಕಣ್ಣು ಮಿಟುಕಿಸುವುದರೊಳಗೆ ಮತ್ತೆ ನಿಂತಿರುತ್ತೀರಿ. ‘ಗೇಮ್ ಓವರ್’ ಇಲ್ಲ, ಲೈಫ್ ಎಣಿಕೆ ಇಲ್ಲ, ಹಿಂದಿನ ಊರಿಗೆ ವಾಪಸ್ ಕಳಿಸುವುದಿಲ್ಲ. ಬಸ್ ತಪ್ಪಿದರೆ ಅದೇ ಸ್ಟ್ಯಾಂಡಿನಲ್ಲಿ ಮರುಕ್ಷಣ ಇನ್ನೊಂದು ಬಂದ ಹಾಗೆ. ಸಿಟ್ಟು ಬರಲು ಪುರಸೊತ್ತೇ ಸಿಗುವುದಿಲ್ಲ.

ಇನ್ನೊಂದು ಗುಟ್ಟಿದೆ. ಆಟ ಕಾಣದ ಹಾಗೆ ನಿಮ್ಮ ಪರ ನಿಂತಿರುತ್ತದೆ. ಅಂಚು ದಾಟಿ ಕಾಲು ಗಾಳಿಯಲ್ಲಿದ್ದರೂ ಒಂದು ಚೂರು ಹೊತ್ತು ಜಿಗಿಯಲು ಬಿಡುತ್ತದೆ. ನೆಲ ಮುಟ್ಟುವ ಸ್ವಲ್ಪ ಮೊದಲೇ ಬಟನ್ ಒತ್ತಿದ್ದರೆ ಅದನ್ನು ನೆನಪಿಟ್ಟುಕೊಂಡು, ಮುಟ್ಟಿದ ಕೂಡಲೇ ಜಿಗಿಸುತ್ತದೆ. ಜಿಗಿಯುವಾಗ ತಲೆ ಮೂಲೆಗೆ ತಾಗಿದರೆ ಮೆಲ್ಲಗೆ ಪಕ್ಕಕ್ಕೆ ಸರಿಸಿ ದಾರಿ ಕೊಡುತ್ತದೆ. ಇದನ್ನೆಲ್ಲ ಥಾರ್ಸನ್ ಅವರೇ ಆಮೇಲೆ ಬಹಿರಂಗವಾಗಿ ಹೇಳಿದ್ದಾರೆ. ಅದಕ್ಕೇ ಎಷ್ಟು ಸಲ ಸತ್ತರೂ ‘ಆಟ ಮೋಸ ಮಾಡಿತು’ ಅಂತ ಬೈಯಲು ಬಾಯಿ ಬರುವುದಿಲ್ಲ. ತಪ್ಪು ನಮ್ಮ ಬೆರಳಿನದೇ ಅಂತ ಗೊತ್ತಾಗಿಬಿಡುತ್ತದೆ.

ಮೊದಲ ಅಧ್ಯಾಯ ಮುಗಿದಾಗ ಒಂದು ಪೋಸ್ಟ್ ಕಾರ್ಡ್ ಬರುತ್ತದೆ. ಸತ್ತ ಲೆಕ್ಕಕ್ಕೆ ನಾಚಬೇಡ, ಹೆಮ್ಮೆ ಪಡು ಅನ್ನುವ ಅರ್ಥದ ಮಾತು ಅದರಲ್ಲಿದೆ. ನಾನು ಆಗ ನಕ್ಕಿದ್ದೆ. ಆರನೇ ಅಧ್ಯಾಯಕ್ಕೆ ಬರುವಷ್ಟರಲ್ಲಿ ಅದು ಸುಮ್ನೆ ಬರೆದ ಮಾತಲ್ಲ ಅಂತ ಅನಿಸಿತು.

ಅಸಿಸ್ಟ್ ಮೋಡ್ ಹಾಕಿದರೆ ಚೀಟಿಂಗ್ ಅಲ್ವಾ?

ನಮ್ಮ ರೂಮಿನ ಅತಿ ದೊಡ್ಡ ಜಗಳ ಇದೇ.

ಮೊದಲು ಅದು ಏನು ಅಂತ ನೋಡಿ. ಆಟದ ವೇಗವನ್ನು ಅರ್ಧದವರೆಗೂ ಇಳಿಸಬಹುದು. ಗೋಡೆ ಹಿಡಿದಾಗ ಕೈ ಸೋಲದ ಹಾಗೆ ಮಾಡಬಹುದು. ಗಾಳಿಯಲ್ಲಿ ಒಂದರ ಬದಲು ಎರಡು ಡ್ಯಾಶ್, ಬೇಕೆಂದರೆ ಎಷ್ಟಾದರೂ ಡ್ಯಾಶ್ ತೆಗೆದುಕೊಳ್ಳಬಹುದು. ಸಾವೇ ಬರದ ಹಾಗೂ ಮಾಡಬಹುದು. ಒಂದೊಂದನ್ನೂ ಬೇರೆ ಬೇರೆ ಹಾಕಬಹುದು, ತೆಗೆಯಬಹುದು. ಈ ಆಟ ಕಷ್ಟವಾಗಿರಲಿ ಅಂತಲೇ ಮಾಡಿದ್ದು, ಆದರೆ ಆಡುವವರೆಲ್ಲ ಒಂದೇ ತರಹ ಇರುವುದಿಲ್ಲ ಅಂತ ಆಟವೇ ಹೇಳಿ ಈ ಪಟ್ಟಿ ತೆರೆಯುತ್ತದೆ. ಎಲ್ಲೂ ಹಂಗಿಸುವುದಿಲ್ಲ.

ಸೇಡಂ ಹುಡುಗನ ವಾದ ಹೀಗಿದೆ: ಕಥೆಯೇ ಬೆಟ್ಟ ಹತ್ತುವ ಒದ್ದಾಟದ್ದು, ಒದ್ದಾಟ ತೆಗೆದರೆ ಏನು ಉಳಿಯಿತು? ಇದು ಅವನೊಬ್ಬನ ಮಾತಲ್ಲ, ಆಡಿದವರಲ್ಲಿ ಬಹಳ ಜನ ಹೀಗೇ ಹೇಳುತ್ತಾರೆ. ನಾನೂ ಅದೇ ಪಾರ್ಟಿಯಲ್ಲಿದ್ದೆ. 2,187 ಸಾವು ಕಂಡವನಿಗೆ ಆ ಸೊಕ್ಕು ಇರುತ್ತದೆ.

ಹೋಳಿ ಆಗಿ ಐದನೇ ದಿನ ಶರಣಬಸವೇಶ್ವರರ ತೇರು. ಆ ಜಾತ್ರೆಗೆ ಯಾದಗಿರಿಯಿಂದ ಅವ್ವನ ಜೊತೆ ನನ್ನ ತಂಗಿ ಬಂದಿದ್ದಳು. ಚಿಕ್ಕವಳಿದ್ದಾಗ ಅವಳ ಬಲಗೈ ಹೆಬ್ಬೆರಳಿಗೆ ಪೆಟ್ಟಾಗಿ ಅದು ಪೂರ್ತಿ ಮಡಚುವುದಿಲ್ಲ. ಕಂಟ್ರೋಲರ್ ಕೊಟ್ಟೆ. ಮೊದಲ ಅಧ್ಯಾಯದಲ್ಲಿ ಒಂದೇ ಪರದೆಯಲ್ಲಿ ಮುಕ್ಕಾಲು ತಾಸು ನಿಂತಳು. ಜಿಗಿತ ಗೊತ್ತು, ಡ್ಯಾಶ್ ಯಾವಾಗ ಹೊಡೆಯಬೇಕು ಅಂತಲೂ ಗೊತ್ತು, ಬೆರಳು ಅಷ್ಟು ಬೇಗ ಬರುತ್ತಿರಲಿಲ್ಲ. ಕೊನೆಗೆ ಅವಳೇ ಮೆನು ತೆರೆದು ವೇಗವನ್ನು ನೂರರಿಂದ 70ಕ್ಕೆ ಇಳಿಸಿದಳು. ನಾನು ಏನೋ ಹೇಳಲು ಹೋದೆ. “ಅಣ್ಣಾ, ನೀ ಸುಮ್ನಿರು” ಅಂದಳು.

ಆಮೇಲೆ ನೋಡಿದ್ದು ನನಗೆ ಮರೆಯುವುದಿಲ್ಲ. ವೇಗ 70 ಆದರೂ ಅವಳು ಸಾಯುತ್ತಲೇ ಇದ್ದಳು. ನನ್ನಷ್ಟೇ ನಾಲಿಗೆ ಕಚ್ಚುತ್ತಿದ್ದಳು, ನನ್ನ ಹಾಗೆಯೇ ಬೈಯುತ್ತಿದ್ದಳು. ಪರದೆ ದಾಟಿದಾಗ ನಾನು ಕೂಗಿದ ಹಾಗೇ ಕೂಗಿದಳು. ಕಷ್ಟ ಎಲ್ಲೂ ಹೋಗಿರಲಿಲ್ಲ, ಅವಳ ಅಳತೆಗೆ ಬಂದಿತ್ತು. ನನ್ನ ಅಂಗಿ ಅವಳಿಗೆ ಹಾಕಿಸಿ ‘ಸರಿಯಾಗಿ ಹಾಕಿಕೋ’ ಅಂತ ನಾನು ಬೈಯುತ್ತಿದ್ದೆ ಅಂತ ಆಗ ಹೊಳೆಯಿತು.

ಹಾಗಾದರೆ ಸಾವೇ ಬರದ ಹಾಗೆ ಮಾಡಿ ನಡೆದುಕೊಂಡು ಹೋದರೆ? ಹೋಗಿ, ಯಾರು ಬೇಡ ಅಂದರು. ನನ್ನ ಸಲಹೆ ಇಷ್ಟೇ: ಮೊದಲು ವೇಗ ಇಳಿಸಿ ನೋಡಿ, ಅದೂ ಸಾಲದಿದ್ದರೆ ಕೈ ಸೋಲದ ಹಾಗೆ ಮಾಡಿ. ಎಲ್ಲಾ ಒಮ್ಮೆಗೇ ಹಾಕಿಬಿಟ್ಟರೆ ನಾಲ್ಕನೇ ಅಧ್ಯಾಯದ ಗಾಳಿ ನಿಮ್ಮನ್ನು ತಳ್ಳುವುದು ಗೊತ್ತೇ ಆಗುವುದಿಲ್ಲ, ಅದು ನಷ್ಟ.

ಸೇಡಂ ಹುಡುಗ ಇವತ್ತಿಗೂ ಒಪ್ಪಿಲ್ಲ.

ಕಥೆ ಚೆನ್ನಾಗಿದೆಯಾ, ಇಲ್ಲ ಬರೀ ಉಪದೇಶವಾ? (ಕಥೆಯ ಗುಟ್ಟು ಇದೆ, ಆಡಿಲ್ಲದವರು ಮುಂದಿನ ಪ್ರಶ್ನೆಗೆ ಹೋಗಿ)

ಎರಡೂ ಮಾತು ಕೇಳುತ್ತೇವೆ. ಮನಸ್ಸಿನ ಗಾಬರಿ, ಕುಗ್ಗುವಿಕೆ ಬಗ್ಗೆ ಇಷ್ಟು ನೇರವಾಗಿ ಮಾತಾಡುವುದು ಬೇಕಿರಲಿಲ್ಲ, ಆಟವೇ ಹೇಳುತ್ತಿತ್ತಲ್ಲ ಅನ್ನುವವರು ಇದ್ದಾರೆ. ನಮ್ಮ ರೂಮಿನಲ್ಲಿ ಮನಶ್ಶಾಸ್ತ್ರ ಓದುವವನದೂ ಅದೇ ದೂರು. ಆರನೇ ಅಧ್ಯಾಯದ ಆರಂಭದಲ್ಲಿ ಬೆಂಕಿ ಮುಂದೆ ಕೂತು ಮ್ಯಾಡಲಿನ್ ಮತ್ತು ಬೆಟ್ಟದಲ್ಲಿ ಸಿಕ್ಕ ಗೆಳೆಯ ಥಿಯೋ ಆಡುವ ಮಾತು ಅವನಿಗೆ ಕ್ಲಾಸಿನ ನೋಟ್ಸ್ ಓದಿದ ಹಾಗೆ ಅನಿಸಿತಂತೆ.

ನನಗೆ ಹಾಗೆ ಅನಿಸಲಿಲ್ಲ, ಯಾಕೆಂದರೆ ಮಾತಿಗಿಂತ ಮೊದಲು ಕೈಗೆ ಕೆಲಸ ಕೊಟ್ಟಿರುತ್ತಾರೆ. ನಾಲ್ಕನೇ ಅಧ್ಯಾಯದ ಕೊನೆಗೆ ತಂತಿಯ ಮೇಲೆ ಹೋಗುವ ತೊಟ್ಟಿಲುಬಂಡಿ ನಡುವೆಯೇ ನಿಲ್ಲುತ್ತದೆ. ಮ್ಯಾಡಲಿನ್‌ಗೆ ಉಸಿರು ಕಟ್ಟುತ್ತದೆ. ಥಿಯೋ ತನ್ನ ತಾತ ಕಲಿಸಿದ ಉಪಾಯ ಹೇಳುತ್ತಾನೆ: ಒಂದು ಗರಿಯನ್ನು ನೆನೆಸಿಕೋ, ಉಸಿರಿನಿಂದ ಅದನ್ನು ತೇಲಿಸು. ಆಗ ನಿಮ್ಮ ಪರದೆಯ ಮೇಲೂ ಒಂದು ಗರಿ ಬರುತ್ತದೆ. ಬಟನ್ ಒತ್ತಿ ಬಿಟ್ಟು ಅದನ್ನು ತೇಲಿಸಬೇಕು. ನಾನು ಆಟ ಆಡುತ್ತಿದ್ದೇನೆ ಅನ್ನುವುದು ಮರೆತು ಅದೇ ಲಯಕ್ಕೆ ಉಸಿರಾಡುತ್ತಿದ್ದೆ. ಇದು ಉಪದೇಶ ಅಲ್ಲ, ಅಭ್ಯಾಸ.

ಆಮೇಲೆ ಆರನೇ ಅಧ್ಯಾಯದಲ್ಲಿ ಅದೇ ಗರಿಯನ್ನು ನೆಚ್ಚಿಕೊಂಡವಳನ್ನು ಅವಳದೇ ನೆರಳು ಹಂಗಿಸಿ ಬೆಟ್ಟದಿಂದ ಕೆಳಗೆ ಬೀಳಿಸುತ್ತದೆ. ಅಲ್ಲಿವರೆಗೂ ಅಟ್ಟಿಸಿಕೊಂಡು ಬಂದ ಆ ನೇರಳೆ ಕೂದಲಿನ ಹುಡುಗಿ ಬೇರೆ ಯಾರೂ ಅಲ್ಲ, ಮ್ಯಾಡಲಿನ್‌ನ ಹೆದರಿಕೆಯೇ. ಅವಳನ್ನು ಓಡಿಸಲು ಹೋದಷ್ಟೂ ಅವಳು ಜೋರಾಗುತ್ತಾಳೆ. ಕೊನೆಗೆ ಇಬ್ಬರೂ ಕೈ ಜೋಡಿಸಿದಾಗ ಕೂದಲು ಗುಲಾಬಿ ಬಣ್ಣಕ್ಕೆ ತಿರುಗಿ ಎರಡು ಡ್ಯಾಶ್ ಸಿಗುತ್ತವೆ. ಕಥೆ ಕೊಟ್ಟ ಬಹುಮಾನ ಬೆರಳಿಗೆ ಸಿಕ್ಕಿತು. ಏಳನೇ ಅಧ್ಯಾಯ ಪೂರ್ತಿ ಆ ಎರಡು ಡ್ಯಾಶ್‌ನಲ್ಲಿ ಹಾರುತ್ತೀರಿ, ಬೆಟ್ಟದ ಬುಡದಿಂದ ತುದಿಯವರೆಗೂ. ತುದಿ ಹತ್ತಿರ ಬಂದಾಗ ಬಾವುಟಗಳು ಮೂವತ್ತರಿಂದ ಇಳಿಯೆಣಿಕೆ ಹಾಕುತ್ತವೆ. ಅಲ್ಲಿ ರೂಮಿನಲ್ಲಿ ಯಾರೂ ಕೂತಿರಲಿಲ್ಲ, ಎಲ್ಲರೂ ಎದ್ದು ನಿಂತಿದ್ದರು, ಮನಶ್ಶಾಸ್ತ್ರದವನೂ.

ನಾನು ಯಾದಗಿರಿಯವನು. ನಮ್ಮೂರಲ್ಲಿ ಬೆಟ್ಟದ ಮೇಲೆ ಕೋಟೆ ಇದೆ, ಸಣ್ಣವನಿದ್ದಾಗ ಅಜ್ಜಿ ಕೈ ಹಿಡಿದು ಹತ್ತುತ್ತಿದ್ದೆ. ಅರ್ಧಕ್ಕೆ ಬಂದಾಗ ಅಜ್ಜಿ ಬಂಡೆ ಮೇಲೆ ಕೂತು, “ನೀ ಹೋಗಪ, ಮ್ಯಾಲ ಏನದ ಅಂತ ನನಗ ಗೊತ್ತದ” ಅನ್ನುತ್ತಿದ್ದಳು. ಆಟದ ಶುರುವಿನಲ್ಲೂ ಒಬ್ಬ ಅಜ್ಜಿ ಬೆಟ್ಟದ ಬುಡದಲ್ಲಿ ನಕ್ಕು ಎಚ್ಚರಿಸುತ್ತಾಳೆ. ನನಗೆ ಆ ಪಾತ್ರದ ಮೇಲೆ ಪಕ್ಷಪಾತ ಇದೆ, ಆ ಲೆಕ್ಕ ಕಳೆದು ನನ್ನ ಮಾತು ಓದಿಕೊಳ್ಳಿ.

ಮೂರನೇ ಅಧ್ಯಾಯದ ಹೋಟೆಲ್ ಯಾಕೆ ಮುಗಿಯೋದೇ ಇಲ್ಲ?

ಹೆಚ್ಚು ದೂರು ಕೇಳುವ ಅಧ್ಯಾಯ ಇದು. ಓಶಿರೋ ಎಂಬ ದೆವ್ವ ಪಾಳುಬಿದ್ದ ಹೋಟೆಲ್ ಇಟ್ಟುಕೊಂಡು ಕೂತಿದೆ. ‘ಇನ್ನೊಂದು ಕೋಣೆ ನೋಡಿ, ಇನ್ನೊಂದು ನೋಡಿ’ ಅಂತ ಬಿಡುವುದೇ ಇಲ್ಲ. ಟವೆಲ್ಲು, ಪುಸ್ತಕ, ಪೆಟ್ಟಿಗೆಗಳ ರಾಶಿ ನೀವೇ ತೆರವು ಮಾಡಬೇಕು. ಎಷ್ಟೋ ಜನ ಇಲ್ಲೇ ಆಟ ಬಿಡುತ್ತಾರೆ.

ನಮ್ಮ ಕಡೆಯವರಿಗೆ ಓಶಿರೋ ಅರ್ಥವಾಗಬೇಕು. ಹಳ್ಳಿಯಲ್ಲಿ ನೆಂಟರ ಮನೆಗೆ ಐದು ನಿಮಿಷ ಅಂತ ಹೋದರೆ “ಊಟ ಮಾಡದ ಹೋಗಬ್ಯಾಡ್ರಿ” ಅಂತ ಬಾಗಿಲಿಗೆ ಅಡ್ಡ ನಿಲ್ಲುತ್ತಾರಲ್ಲ, ಹಾಗೆ. ಒಂಟಿತನಕ್ಕೆ ಉಪಚಾರದ ವೇಷ. ಮ್ಯಾಡಲಿನ್ ‘ಇಲ್ಲ’ ಅನ್ನಲಾರದೆ ಸಿಕ್ಕಿಕೊಳ್ಳುತ್ತಾಳೆ. ಅದು ಉದ್ದೇಶಪೂರ್ವಕ ಉಸಿರುಗಟ್ಟುವಿಕೆ. ಹಾಗಂತ ಅಧ್ಯಾಯ ಉದ್ದವಾಯಿತು ಅನ್ನುವುದೂ ನಿಜ. ಎರಡು ದಿನ ಮಾಡಿಕೊಂಡು ಆಡಿ.

ಐದನೇ ಅಧ್ಯಾಯ ಭಯ ಆಗುತ್ತಂತೆ?

ಕತ್ತಲು ಜಾಸ್ತಿ, ಅಟ್ಟಿಸಿಕೊಂಡು ಬರುವ ಜೀವಿಗಳಿವೆ, ಗೆಳೆಯ ಥಿಯೋನನ್ನು ಹೊತ್ತು ಎಸೆದು ಹಿಡಿಯುತ್ತಾ ಸಾಗಬೇಕು. ಚಿಕ್ಕ ಮಕ್ಕಳ ಪಕ್ಕ ಕೂತು ಆಡಿ. ಮಿಂಚಿನ ಬೆಳಕು ಕಣ್ಣಿಗೆ ಆಗದವರಿಗೆ ಅದನ್ನು ತಗ್ಗಿಸುವ ಆಯ್ಕೆ ಮೆನುವಿನಲ್ಲಿದೆ. ಪರದೆ ಅದುರುವುದನ್ನೂ ನಿಲ್ಲಿಸಬಹುದು.

ಸಂಗೀತಕ್ಕೆ ಯಾಕೆ ಅಷ್ಟು ಹೊಗಳಿಕೆ?

ಲೀನಾ ರೇನ್ ಮಾಡಿದ್ದು. ಪಿಯಾನೋ ಮತ್ತು ಸಿಂತ್ (ಎಲೆಕ್ಟ್ರಾನಿಕ್ ವಾದ್ಯ) ಜಾಸ್ತಿ. ಇದರ ಬಗ್ಗೆ ಮಾತ್ರ ನಮ್ಮ ರೂಮಿನಲ್ಲಿ ಜಗಳ ಇಲ್ಲ. ನೀವು ಮುಂದೆ ಹೋದ ಹಾಗೆ ವಾದ್ಯಗಳು ಒಂದೊಂದೇ ಸೇರುತ್ತವೆ, ಕಥೆ ಕುಗ್ಗಿದ ಕಡೆ ಕಳಚಿಕೊಳ್ಳುತ್ತವೆ. ಒಂದೇ ಪರದೆಯಲ್ಲಿ ನೂರು ಸಲ ಸಾಯುವಾಗ ಹಾಡು ಪ್ರತಿಸಲ ಮೊದಲಿನಿಂದ ಶುರುವಾಗಿದ್ದರೆ ಹುಚ್ಚು ಹಿಡಿಯುತ್ತಿತ್ತು. ಇಲ್ಲಿ ನೀವು ಸತ್ತರೂ ಹಾಡು ಸಾಯುವುದಿಲ್ಲ. ಇಯರ್‌ಫೋನ್ ಹಾಕಿಯೇ ಆಡಿ.

ಕೀಬೋರ್ಡಾ, ಕಂಟ್ರೋಲರಾ?

ಕಂಟ್ರೋಲರ್ ಇದ್ದರೆ ಅದೇ ಒಳ್ಳೆಯದು. ಇಲ್ಲದಿದ್ದರೆ ಕೀಬೋರ್ಡ್ ಸಾಕು: ಬಾಣದ ಕೀಲಿಗಳು, ಸಿ ಜಿಗಿತಕ್ಕೆ, ಎಕ್ಸ್ ಡ್ಯಾಶ್‌ಗೆ, ಝಡ್ ಹಿಡಿಯಲು. ಬೇಕಾದ ಹಾಗೆ ಬದಲಿಸಿಕೊಳ್ಳಬಹುದು. ಕಂಟ್ರೋಲರ್ ತರುವಾಗ ಅಗ್ಗ ನೋಡಿ ಮೋಸ ಹೋಗಬೇಡಿ. ನಾನು ಒಂದು ಅಂಗಡಿಯಲ್ಲಿ ಅಗ್ಗದ್ದು ತಂದೆ, ಮೂರೇ ವಾರಕ್ಕೆ ಮೇಲಿನ ದಿಕ್ಕು ಸತ್ತುಹೋಯಿತು. ಬೆಟ್ಟ ಹತ್ತುವ ಆಟಕ್ಕೆ ಮೇಲಿನ ದಿಕ್ಕೇ ಇಲ್ಲ ಅಂದರೆ ಏನು ಮಾಡುವುದು.

ಬೆರಳು ನೋಯಲು ಶುರುವಾದರೆ ನಿಲ್ಲಿಸಿ. ‘ಸೇವ್ ಆಂಡ್ ಕ್ವಿಟ್’ ಒತ್ತಿದರೆ ಮತ್ತೆ ಬಂದಾಗ ಅದೇ ಪರದೆಯಲ್ಲಿ ಇರುತ್ತೀರಿ. ಒಂದು ಪ್ಲೇಟ್ ಸುಸಲಾ ತಿಂದು ಬಂದರೆ, ರಾತ್ರಿಯೆಲ್ಲ ಆಗದ ಪರದೆ ಎರಡನೇ ಸಲಕ್ಕೇ ಆಗುತ್ತದೆ. ನಮಗೆಲ್ಲರಿಗೂ ಆಗಿದೆ.

ಬಿ-ಸೈಡ್, ಫೇರ್‌ವೆಲ್ ಅಂತಾರಲ್ಲ, ಅದೆಲ್ಲ ಆಡಲೇಬೇಕಾ?

ಬೇಡ. ಏಳನೇ ಅಧ್ಯಾಯದ ತುದಿಗೆ ಕಥೆ ಮುಗಿಯಿತು. ಪ್ರತಿ ಅಧ್ಯಾಯದಲ್ಲಿ ಬಚ್ಚಿಟ್ಟ ಕ್ಯಾಸೆಟ್ ಸಿಕ್ಕರೆ ಅದರ ಬಿ-ಸೈಡ್, ಅಂದರೆ ಅದೇ ಅಧ್ಯಾಯದ ಇನ್ನೊಂದು ರೂಪ ತೆರೆಯುತ್ತದೆ, ಅದು ಮೂಲಕ್ಕಿಂತ ಬಹಳ ಕಷ್ಟ. ಫೇರ್‌ವೆಲ್ ಎಂಬ ಒಂಬತ್ತನೇ ಅಧ್ಯಾಯವನ್ನು 2019ರ ಸೆಪ್ಟೆಂಬರ್ 9ರಂದು ಪುಕ್ಕಟೆ ಕೊಟ್ಟರು. ಅದು ಅಗಲಿಕೆಯ ಕಥೆ, ಆದರೆ ಆ ಕಥೆಗೆ ತಲುಪಲು ಬೇಕಾದ ಕೈಚಳಕ ವಿಪರೀತ. ಇಲ್ಲಿ ನನ್ನ ದೂರು ಇದೆ: ಇಷ್ಟು ಒಳ್ಳೆಯ ಮುಗಿತಾಯವನ್ನು ಇಷ್ಟು ಎತ್ತರದ ಅಟ್ಟದ ಮೇಲೆ ಇಡಬಾರದಿತ್ತು. ಅಸಿಸ್ಟ್ ಮೋಡ್ ಹಾಕಿಯೇ ನೋಡಿದೆ. ಸೇಡಂ ಹುಡುಗನಿಗೆ ಹೇಳಬೇಡಿ.

ಮ್ಯಾಡಲಿನ್ ಟ್ರಾನ್ಸ್ ಹುಡುಗಿ ಅಂತಾರೆ, ನಿಜವಾ?

ಹೌದು. ಫೇರ್‌ವೆಲ್ ಕೊನೆಗೆ ಅವಳ ಕೋಣೆಯಲ್ಲಿ ಕಾಣುವ ಪ್ರೈಡ್ ಮತ್ತು ಟ್ರಾನ್ಸ್ (ಹುಟ್ಟಿದಾಗ ಗುರುತಿಸಿದ ಲಿಂಗ ತಮ್ಮದಲ್ಲ ಅಂತ ಅರಿತವರ) ಬಾವುಟಗಳನ್ನು ನೋಡಿ ಆಡಿದವರು ಊಹಿಸಿದ್ದರು. 2020ರಲ್ಲಿ ಮ್ಯಾಡಿ ಥಾರ್ಸನ್ ಅವರೇ ಹೌದು ಅಂತ ಬರೆದರು, ತಮ್ಮನ್ನು ತಾವು ಅರಿತುಕೊಂಡದ್ದರ ಬಗ್ಗೆಯೂ ಹೇಳಿಕೊಂಡರು. ಗೊತ್ತಾದ ಮೇಲೆ ಕನ್ನಡಿಯಿಂದ ನೆರಳು ಹೊರಬರುವ ಎರಡನೇ ಅಧ್ಯಾಯವನ್ನು ಮತ್ತೊಮ್ಮೆ ಆಡಿ ನೋಡಿ.

ದುಡ್ಡು ಕೊಡದೆ ರುಚಿ ನೋಡಬಹುದಾ?

ನೋಡಬಹುದು. ಪಿಕೋ-8 ರೂಪ ಬ್ರೌಸರ್‌ನಲ್ಲೇ ಪುಕ್ಕಟೆ ಸಿಗುತ್ತದೆ. 2024ರ ಜನವರಿಯಲ್ಲಿ ಅದೇ ತಂಡ ‘ಸೆಲೆಸ್ಟ್ 64’ ಎಂಬ ಚಿಕ್ಕ ತ್ರೀಡಿ ಆಟವನ್ನೂ ಪುಕ್ಕಟೆ ಕೊಟ್ಟಿತು. ದೊಡ್ಡ ಆಟಕ್ಕೆ ಸೇಲ್ ಬರುವವರೆಗೆ ಕಾಯಿರಿ, ಬೆಲೆ ಚೆನ್ನಾಗಿ ಇಳಿಯುತ್ತದೆ. ಕದ್ದ ಕಾಪಿ ಹಾಕಬೇಡಿ, ನಾವು ಐವರೂ ಪಟ್ಟಿ ಹಾಕಿ ಕೊಂಡಿದ್ದು.

ಸ್ಟ್ರಾಬೆರಿ ಕೂಡಿಸಿದರೆ ಏನು ಸಿಗುತ್ತೆ?

ಏನೂ ಸಿಗುವುದಿಲ್ಲ, ಗೆಳೆಯರ ಮುಂದೆ ಮೆರೆಯಬಹುದು ಅಷ್ಟೇ ಅಂತ ಆಟವೇ ತಮಾಷೆ ಮಾಡುತ್ತದೆ. ದಾರಿ ಬಿಟ್ಟು ಕಷ್ಟದ ಮೂಲೆಗಳಲ್ಲಿ ಒಟ್ಟು 175 ಕೆಂಪು ಸ್ಟ್ರಾಬೆರಿ ಇವೆ. ಮುಟ್ಟಿದರೆ ಸಾಲದು, ಅದನ್ನು ಹಿಡಿದು ಸುರಕ್ಷಿತವಾಗಿ ನೆಲಕ್ಕೆ ಇಳಿದರೇ ನಿಮ್ಮದು. ಒಮ್ಮೆಯೂ ಸಾಯದೆ ಅಧ್ಯಾಯ ಮುಗಿಸುವವರಿಗೆ ಚಿನ್ನದ ಸ್ಟ್ರಾಬೆರಿ ಬೇರೆ ಇವೆ, ಆ ಹುಚ್ಚರ ವಿಷಯ ಇಲ್ಲಿ ಬೇಡ.

ಆದರೆ ಪೂರ್ತಿ ವ್ಯರ್ಥ ಅಲ್ಲ. ಕೊನೆಗೆ ಎಲ್ಲರೂ ಅಜ್ಜಿಯ ಮನೆಯಲ್ಲಿ ಸೇರಿದಾಗ ಮ್ಯಾಡಲಿನ್ ಸ್ಟ್ರಾಬೆರಿ ಹಾಕಿ ಪೈ ಮಾಡುತ್ತಾಳೆ, ನಮ್ಮ ಹೋಳಿಗೆಯ ದಪ್ಪ ದಾಯಾದಿ ಅಂದುಕೊಳ್ಳಿ. ನೀವು ಎಷ್ಟು ಕೂಡಿಸಿದ್ದೀರೋ ಅದರ ಮೇಲೆ ಪೈ ಎಷ್ಟು ಚೆನ್ನಾಗಿ ಬರುತ್ತದೆ ಅನ್ನುವುದು ನಿಂತಿದೆ.

ನಾನು ಕಥೆ ಮುಗಿಸುವ ಅವಸರದಲ್ಲಿ 41 ಕೂಡಿಸಿದ್ದೆ. ನನ್ನ ಪೈ ನೋಡಿ ರೂಮಿನವರು ನಕ್ಕರು. ತಂಗಿ ಜಾತ್ರೆ ಮುಗಿದು ಊರಿಗೆ ಹೋದ ಮೇಲೂ, ಕಾಲೇಜಿಗೆ ರಜೆ ಬಂದಾಗಲೆಲ್ಲ ಬಂದು ವೇಗ 70ರಲ್ಲೇ ಆಡುತ್ತಿದ್ದಳು. ಒಂದು ಮೂಲೆಯನ್ನೂ ಬಿಡಲಿಲ್ಲ. ಅವಳದು 175ಕ್ಕೆ 175. ಅವಳ ಪೈನ ಫೋಟೋ ಈಗ ನಮ್ಮ ಮನೆಯ ವಾಟ್ಸಾಪ್ ಗುಂಪಿನ ಚಿತ್ರ. ಅದನ್ನು ಬದಲಿಸಲು ಅವಳು ಬಿಡುತ್ತಿಲ್ಲ.